ವಿದೇಶದಲ್ಲಿರುವ ಕಸಿನ್‌ಗೆ ಹಣ ಕಳಿಸ್ತೀರಾ? ಅಪ್ಪನ ಖಾತೆಯಿಂದ ಹೋಗಲಿ

ಚಿಕ್ಕಪ್ಪನ ಮಗಳು ವಿದೇಶದಲ್ಲಿದ್ದು, ಮನೆಯಿಂದ ಅವಳಿಗೆ ದೊಡ್ಡ ಮೊತ್ತ ಉಡುಗೊರೆ ಕೊಡಬೇಕು ಅಂತಿದ್ರೆ, ನೀವು ಕಳಿಸುವ ಬದಲು ನಿಮ್ಮ ಅಪ್ಪನೇ ತಮ್ಮ ಖಾತೆಯಿಂದ ಕಳಿಸಲಿ. ನಮ್ಮ ಆದಾಯ ತೆರಿಗೆ ಕಾನೂನಿನ 'ಸಂಬಂಧಿ' ಪಟ್ಟಿಯಲ್ಲಿ ಕಸಿನ್‌ಗಳೇ ಇಲ್ಲ. ಹಾಗಾಗಿ ನೀವು ವರ್ಷಕ್ಕೆ 50,000 ರೂಪಾಯಿ ದಾಟಿಸಿದರೆ ಪೂರ್ತಿ ಮೊತ್ತವೂ ಅವಳ ಆದಾಯ ಅಂತ ಲೆಕ್ಕ, 2019ರ ಜುಲೈ 5ರಿಂದ ಅನಿವಾಸಿಗಳಿಗೂ ಇದು ಅನ್ವಯಿಸುತ್ತದೆ. ಅದೇ ನಿಮ್ಮ ಅಪ್ಪ, ಅಂದರೆ ಅವಳ ದೊಡ್ಡಪ್ಪ, ಕೊಟ್ಟರೆ ತೆರಿಗೆ ಇಲ್ಲ, ಎಷ್ಟೇ ಇರಲಿ. ಆದರೆ ಇದು ಒಂದೇ ದಿಕ್ಕಿನಲ್ಲಿ ನಡೆಯೋದು, ದಯವಿಟ್ಟು ಗಮನಿಸಿ: ಅವಳು ದೊಡ್ಡಪ್ಪನಿಗೆ ಕೊಟ್ಟರೆ ವಿನಾಯಿತಿ ಸಿಗಲ್ಲ! ಮದುವೆಗೆ ಅವಳಿಗೇ ಕೊಡುವ ಉಡುಗೊರೆಯಾದರೆ ಇಷ್ಟೆಲ್ಲ ಬೇಕಿಲ್ಲ, ಯಾರು ಕೊಟ್ಟರೂ ತೆರಿಗೆ ಇಲ್ಲ. ಹಣ ನಿಜವಾಗಲೂ ಅಪ್ಪನದ್ದೇ ಆಗಿರಬೇಕು. ನಿನ್ನೆ ನೀವು ಅವರ ಖಾತೆಗೆ ಹಾಕಿ ಇವತ್ತು ಅವರು ಕಳಿಸಿದರೆ ಪ್ರಶ್ನೆ ಏಳುತ್ತದೆ, ಏಳಲೇಬೇಕು ಅಲ್ವಾ. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್ (ಹಣ ಕಳಿಸುವಾಗಲೇ ಮುಂಗಡವಾಗಿ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಗಾಬರಿ ಬೇಡ, ಅದು ಅಪ್ಪನ ಪ್ಯಾನ್‌ನಲ್ಲೇ ಜಮಾ ಆಗಿರುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಕಳಿಸುವ ದಿನವೇ ಸಂಬಂಧ, ಮೊತ್ತ, ತಾರೀಖು ಬರೆದು ಇಬ್ಬರೂ ಸಹಿ ಮಾಡಿದ ಒಂದು ಉಡುಗೊರೆ ಪತ್ರ ಇಟ್ಟುಕೊಳ್ಳಿ. ಅವಳಿರುವ ದೇಶದ ನಿಯಮ ಬೇರೆಯೇ ಇರುತ್ತದೆ, ಅದನ್ನು ಅವಳೇ ಅಲ್ಲಿ ವಿಚಾರಿಸಬೇಕು.