ಕಂದಾಯದ ಪಟ್ಟಿಯಲ್ಲಿ ಕೆಂಟಕಿಯ ಮುತ್ತಜ್ಜ

ನಮ್ಮ ಸೊಸೆಯ ತವರು ಅಮೆರಿಕದ ಕೆಂಟಕಿ. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರು. ಅವಳ ಅಮ್ಮನ ಕಡೆಯ ಕೊಂಬೆ 1810ಕ್ಕೆ ಬಂದು ನಿಂತುಬಿಟ್ಟಿತು. ಕಾರಣ ಇದೆ. ಕೆಂಟಕಿಯ 1790 ಮತ್ತು 1800ರ ಜನಗಣತಿ ಹಾಳೆಗಳು ಉಳಿದೇ ಇಲ್ಲ. 1810ರ ಗಣತಿಯಲ್ಲೂ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಹೆಂಡತಿ ಮಕ್ಕಳ ಹೆಸರನ್ನೂ ಬರೆಯತೊಡಗಿದ್ದು 1850ರಲ್ಲಿ.

ಆದರೆ ಗಣತಿಯ ಹಾಳೆ ಕಳೆದುಹೋದರೂ ಕಂದಾಯದ ಲೆಕ್ಕ ಅಷ್ಟು ಸುಲಭಕ್ಕೆ ಕಳೆಯುವುದಿಲ್ಲ, ಅಲ್ವಾ? ಕೆಂಟಕಿ ರಾಜ್ಯವಾದ 1792ರಿಂದ ವರ್ಷವರ್ಷವೂ ಬರೆದ ತೆರಿಗೆ ಪಟ್ಟಿಗಳಿವೆ. ನಡುವೆ ಕೆಲವು ವರ್ಷದವು ಇಲ್ಲ, ಆದರೆ ಬಹಳಷ್ಟು ಸಿಗುತ್ತವೆ. ನಿಮ್ಮ ಅಳಿಯನೋ ಸೊಸೆಯೋ ಆ ಕಡೆಯವರಾಗಿದ್ದರೆ ಹುಡುಕುವ ದಾರಿ ಹೀಗಿದೆ.

ಮೊದಲು ಆ ಕಾಲದ ಕೌಂಟಿ ಯಾವುದು ನೋಡಿ

ತೆರಿಗೆ ಪಟ್ಟಿಗಳಿರುವುದು ಕೌಂಟಿವಾರು; ಕೌಂಟಿ ಅಂದರೆ ರಾಜ್ಯದೊಳಗಿನ ಆಡಳಿತ ಭಾಗ. 1792ರಲ್ಲಿ ಕೆಂಟಕಿಗೆ ಇದ್ದದ್ದು 9 ಕೌಂಟಿ. ಇವತ್ತು 120. ನಮ್ಮಲ್ಲಿ ತಾಲ್ಲೂಕು ಒಡೆದ ಹಾಗೆ ಅಲ್ಲೂ ಒಡೆಯುತ್ತಲೇ ಹೋದರು. ಅಬ್ರಹಾಂ ಲಿಂಕನ್ 1809ರಲ್ಲಿ ಹುಟ್ಟಿದ್ದು ಹಾರ್ಡಿನ್ ಕೌಂಟಿಯಲ್ಲಿ. ಆ ಜಾಗ 1843ರಿಂದ ಲಾರೂ ಕೌಂಟಿ. ಈಗಿನ ನಕ್ಷೆ ನೋಡಿ ಲಾರೂ ಪುಸ್ತಕದಲ್ಲಿ ಅವರಪ್ಪನನ್ನು ಹುಡುಕಿದರೆ ಸಿಗುವುದಿಲ್ಲ. 1792ಕ್ಕೂ ಹಿಂದೆ ಕೆಂಟಕಿ ವರ್ಜೀನಿಯಾದ ಭಾಗ. 1782ರಿಂದ ಅಲ್ಲಿ ಜಮೀನಿಗೆ ಒಂದು ಪುಸ್ತಕ, ಆಳು–ಕುದುರೆ–ದನಕ್ಕೆ ಇನ್ನೊಂದು. ಎರಡನ್ನೂ ನೋಡಬೇಕು. ಕೆಂಟಕಿಯವರು ಎರಡನ್ನೂ ಒಂದೇ ಪಟ್ಟಿಗೆ ತಂದರು.

ಪುಸ್ತಕ ಎಲ್ಲಿದೆ

ಪುಟಗಳ ಚಿತ್ರ ತೆಗೆದಿಟ್ಟ ಮೈಕ್ರೋಫಿಲ್ಮ್‌ಗಳು ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನ ರಾಜ್ಯ ದಾಖಲಾಲಯದಲ್ಲಿವೆ. ಮನೆಯಲ್ಲೇ ಕೂತು ನೋಡಲು ಫ್ಯಾಮಿಲಿಸರ್ಚ್ ಜಾಲತಾಣ ಇದೆ, ಖಾತೆ ಉಚಿತ. ಹೆಸರು ಟೈಪ್ ಮಾಡಿ ಏನೂ ಬರಲಿಲ್ಲ ಅಂತ ಕೈಬಿಡಬೇಡಿ. ಕ್ಯಾಟಲಾಗ್‌ಗೆ ಹೋಗಿ ಕೌಂಟಿಯ ಹೆಸರು ಕೊಟ್ಟು ತೆರಿಗೆ ವಿಭಾಗ ತೆರೆಯಿರಿ. ಆಮೇಲೆ ಒಂದೊಂದೇ ಪುಟ ತಿರುವಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ.

ಅಂಕಣ ಓದುವುದು

ಶೀರ್ಷಿಕೆ ಎಷ್ಟೋ ಸಲ ಮೊದಲ ಪುಟದಲ್ಲಿ ಮಾತ್ರ ಇರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಸಿಗುವುದು: ಹೆಸರು, ಎಕರೆ, ಜಮೀನು ಎಷ್ಟನೇ ದರ್ಜೆಯದು, ಪಕ್ಕದ ಹಳ್ಳದ ಹೆಸರು, 21 ದಾಟಿದ ಬಿಳಿ ಗಂಡಸರು, 16ರಿಂದ 21ರೊಳಗಿನವರು, ಕುದುರೆಗಳು. ಹಲವು ಪಟ್ಟಿಗಳಲ್ಲಿ ಜಮೀನನ್ನು ಮೊದಲು ನೋಂದಾಯಿಸಿದವರು, ಅಳೆಸಿದವರು, ಪಟ್ಟಾ ಪಡೆದವರು ಯಾರು ಅಂತಲೂ ಇರುತ್ತದೆ. ಇದು ಬಂಗಾರದಂಥ ಅಂಕಣ. ಮರ, ಬಂಡೆ, ಹಳ್ಳವನ್ನೇ ಗುರುತು ಮಾಡಿ ಅಳೆದ ಜಮೀನುಗಳು ಅವು; ಒಂದರ ಮೇಲೊಂದು ಹಕ್ಕು ಬಿದ್ದು ವ್ಯಾಜ್ಯಗಳು ತುಂಬಿದ್ದವು. ಲಿಂಕನ್ ಮನೆಯವರು 1816ರಲ್ಲಿ ಇಂಡಿಯಾನಾಗೆ ಹೊರಟದ್ದಕ್ಕೂ ಜಮೀನಿನ ತಕರಾರು ಮುಖ್ಯ ಕಾರಣ.

ಅದೇ ಸಾಲಿನಲ್ಲಿ ಇನ್ನೊಂದು ಅಂಕಣ ಇದೆ: ಮನೆಯ ಗುಲಾಮರ ಸಂಖ್ಯೆ. ಎಕರೆಗೂ ಕುದುರೆಗೂ ನಡುವೆ ಬರೀ ಒಂದು ಅಂಕಿ. ಸೊಸೆ ಅದನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಅಂಕಿಯನ್ನೂ ಬರೆದುಕೊಳ್ಳಿ. ಯಾವ ವರ್ಷ ಏರಿತು, ಯಾವ ವರ್ಷ ಇಳಿಯಿತು ಅನ್ನುವುದನ್ನು ಯಜಮಾನನ ಉಯಿಲಿನ ಜೊತೆ ಇಟ್ಟು ನೋಡಿದರೆ, ಅಲ್ಲಿ ಅವರ ಹೆಸರುಗಳು ಸಿಗಬಹುದು. ಅವರ ವಂಶದವರೂ ಇವತ್ತು ಇದೇ ಪುಟಗಳನ್ನು ಹುಡುಕುತ್ತಿದ್ದಾರೆ.

ಒಂದು ವರ್ಷ ಸಾಲದು

ಒಂದೇ ಸಾಲಿನಿಂದ ಏನೂ ತಿಳಿಯುವುದಿಲ್ಲ. ಸಿಗುವ ಎಲ್ಲಾ ವರ್ಷಗಳನ್ನು ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಹಾಕಿ. ಒಂದು ಮನೆಯಲ್ಲಿ 1796ರಲ್ಲಿ 16ರಿಂದ 21ರೊಳಗಿನವರು ಯಾರೂ ಇಲ್ಲ, 1797ರಲ್ಲಿ ಒಬ್ಬ ಇದ್ದಾನೆ ಅಂದುಕೊಳ್ಳಿ. ಹುಡುಗನಿಗೆ ಆಗಷ್ಟೇ 16 ತುಂಬಿರಬೇಕು. 1802ರಲ್ಲಿ ಅದೇ ಹಳ್ಳದ ಪಕ್ಕ, ಅದೇ ಮನೆತನದ ಹೊಸ ಹೆಸರೊಂದು ಬರುತ್ತದೆ: ಜಮೀನಿಲ್ಲ, ಒಂದು ಕುದುರೆ. ಅಂದರೆ 21 ದಾಟಿತು. ಹುಟ್ಟಿದ್ದು 1780 ಅಥವಾ 81 ಅಂತ ಲೆಕ್ಕ ಬರುತ್ತದೆ. ಜನನ ದಾಖಲೆ ಇಲ್ಲದ ಊರಿನಲ್ಲಿ ಇದೇ ದೊಡ್ಡದು. ಅವನು ಮಗನೇ ಅಂತ ಮಾತ್ರ ಆತುರಪಡಬೇಡಿ. ತಮ್ಮನ ಮಗನೋ ಕೆಲಸ ಕಲಿಯಲು ಬಂದವನೋ ಆಗಿರಬಹುದು. ಯಜಮಾನನ ಹೆಸರು ಹೋಗಿ ಹೆಂಗಸಿನ ಹೆಸರು ಬಂದರೆ ಬಹುಮಟ್ಟಿಗೆ ವಿಧವೆ.

ನೆರೆಹೊರೆ ಹುಡುಕಿ

ತೆರಿಗೆ ಕಮಿಷನರ್ ಮನೆಮನೆಗೆ ಹೋಗಿ, ಹೋದ ತಾರೀಖನ್ನೂ ಬರೆಯುತ್ತಿದ್ದ. ಆಮೇಲೆ ಮನೆತನದ ಹೆಸರಿನ ಮೊದಲ ಅಕ್ಷರ ನೋಡಿ ಪಟ್ಟಿಯನ್ನು ಮತ್ತೆ ಬರೆಯುತ್ತಿದ್ದರು. ಹಾಗಾಗಿ ಅಕ್ಕಪಕ್ಕದ ಮನೆಯವರು ಬೇರೆಬೇರೆ ಪುಟ ಸೇರಿಬಿಡುತ್ತಿದ್ದರು. ನಿಮ್ಮ ಹಾಳೆಯನ್ನು ತಾರೀಖಿನ ಪ್ರಕಾರ ಜೋಡಿಸಿ. ಒಂದೇ ದಿನ, ಒಂದೇ ಹಳ್ಳ ಅಂತ ಬಂದವರು ನೆರೆಯವರು. ನಮ್ಮ ಕ್ರಯಪತ್ರದ ಚಕ್ಕುಬಂದಿ ಇದ್ದಂತೆ. ಹೆಂಡತಿಯ ತವರು ಎಷ್ಟೋ ಸಲ ಅಲ್ಲೇ ಇರುತ್ತದೆ. ಆ ಕಾಡಿನಲ್ಲಿ ಹೆಣ್ಣು ನೋಡಲು ಯಾರು ದೂರ ಹೋಗುತ್ತಿದ್ದರು?

ಎಡವುವ ಜಾಗಗಳು

ಹೆಸರನ್ನು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಕಾಗುಣಿತ ಹಿಡಿದು ಕೂರಬೇಡಿ. ‘ಜೆ-ಎನ್-ಓ’ ಅಂತ ಮೂರೇ ಅಕ್ಷರ ಇದ್ದರೆ ಅದು ಜಾನ್, ಜೊನಾಥನ್ ಅಲ್ಲ. ಇದರಲ್ಲಿ ನಾನು ಎರಡು ಸಂಜೆ ಕಳೆದೆ. ಸೀನಿಯರ್, ಜೂನಿಯರ್ ಅಂದರೆ ಅಪ್ಪ-ಮಗ ಅಂತಲೇ ಅಲ್ಲ. ಒಂದೇ ಹೆಸರಿನ ಇಬ್ಬರಲ್ಲಿ ದೊಡ್ಡವನು, ಚಿಕ್ಕವನು ಅಷ್ಟೆ. ಹೆಸರು ಮಾಯವಾದರೆ ಸತ್ತ ಅಂತಲೂ ಬರೆಯಬೇಡಿ. ಕೌಂಟಿ ಒಡೆದಿರಬಹುದು, ಊರು ಬಿಟ್ಟಿರಬಹುದು. ವಯಸ್ಸಾದವರಿಗೆ ಕೋರ್ಟು ತಲೆಗಂದಾಯ ಬಿಟ್ಟದ್ದೂ ಉಂಟು. ಆ ಆದೇಶ ಕೌಂಟಿ ಕೋರ್ಟಿನ ಪುಸ್ತಕದಲ್ಲಿ ಸಿಗುತ್ತದೆ. ಅದಾದ ಮೇಲೆ ಕ್ರಯಪತ್ರ, ಉಯಿಲು ನೋಡಿ. ಅಪ್ಪ-ಮಗ ಅನ್ನುವುದಕ್ಕೆ ನಿಜವಾದ ಸಾಕ್ಷಿ ಇರುವುದು ಅವುಗಳಲ್ಲೇ.

ನಮಗೆ ಆ ಉಯಿಲು ಇನ್ನೂ ಸಿಕ್ಕಿಲ್ಲ. ಮೊಮ್ಮಗಳು ಹಾಳೆಯಲ್ಲಿ 1810ರ ಅಜ್ಜನ ಮೇಲೆ ಇನ್ನೊಂದು ಹೆಸರು ಬರೆದಿದ್ದಾಳೆ, ಪೆನ್ಸಿಲ್‌ನಲ್ಲಿ.