ಬೇರಿಂಗ್ ಹೋದ ಇಂಜಿನ್ ಮತ್ತೆ ಕಟ್ಟುವಾಗ

ಇಂಜಿನ್ ಕೆಳಗಿಂದ ಟಕ್ ಟಕ್ ಅಂತ ಶಬ್ದ ಬರುತ್ತಿದೆ, ಆಕ್ಸಿಲರೇಟರ್ ಕೊಟ್ಟ ಹಾಗೆ ಅದು ಜಾಸ್ತಿ ಆಗುತ್ತಿದೆ, ಆಯಿಲ್ ದೀಪ ಬೇರೆ ಮಿಣುಕಿತು ಅಂದರೆ ಬೇರಿಂಗ್ ಹೋಗಿರಬಹುದು, ಅಲ್ಲೇ ಆಫ್ ಮಾಡಿ. ತುಮಕೂರಿನ ಕ್ಯಾತ್ಸಂದ್ರದಲ್ಲಿ ಕೆಟ್ಟಿದ್ದನ್ನು ಬಟವಾಡಿ ತನಕ ಹೇಗೋ ಓಡಿಸಿಬಿಡೋಣ ಅನ್ನಬೇಡಿ. ಗ್ರೈಂಡ್ ಮಾಡಿದ್ದರೆ (ಮೇಲ್ಮೈ ತೆಳ್ಳಗೆ ಅರೆದಿದ್ದರೆ) ಉಳಿಯುತ್ತಿದ್ದ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್, ಅಷ್ಟು ದೂರದಲ್ಲೇ ಗುಜರಿಗೆ ಹೋಗುತ್ತದೆ. ಪಿಸ್ಟನ್ ಮತ್ತು ಕ್ರ್ಯಾಂಕ್ ಸೇರಿಸುವ ಕನೆಕ್ಟಿಂಗ್ ರಾಡ್ ಇಂಜಿನ್ ಬ್ಲಾಕ್ ಒಡೆದುಕೊಂಡು ಆಚೆ ಬಂದರೂ ಬಂತು.

ಇಂಜಿನ್ ಇಳಿಸಿ ಬಿಚ್ಚೋದು ಯಾವ ಒಳ್ಳೆ ಮೆಕ್ಯಾನಿಕ್‌ಗೂ ಗೊತ್ತು, ಅದನ್ನು ಬಿಡೋಣ. ಒಂದೇ ಮಾತು: ರಾಡ್ ಕ್ಯಾಪ್, ಮೇನ್ ಕ್ಯಾಪ್ (ರಾಡ್‌ನ ಕೆಳತುದಿಯನ್ನು, ಬ್ಲಾಕ್‌ನಲ್ಲಿ ಕ್ರ್ಯಾಂಕನ್ನು ಹಿಡಿದಿಡುವ ಮುಚ್ಚಳಗಳು) ಯಾವುದು ಯಾವ ಜಾಗದ್ದು, ಯಾವ ಕಡೆ ಮುಖ ಅಂತ ಗುರುತು ಹಾಕಿ. ಅರ್ಧ ಬಳೆಯಂಥ ಹಳೆ ಬೇರಿಂಗ್ ಚಿಪ್ಪುಗಳನ್ನೂ ಅದೇ ಸಾಲಿನಲ್ಲಿ ಬಟ್ಟೆ ಮೇಲೆ ಜೋಡಿಸಿಡಿ. ಎಸೆಯಬೇಡಿ, ಕಥೆ ಪೂರ್ತಿ ಅದರಲ್ಲೇ ಇದೆ.

ಚಿಪ್ಪನ್ನು ಬಿಸಿಲಿಗೆ ಹಿಡಿದು ನೋಡಿ. ಚೆನ್ನಾಗಿರುವುದು ಒಂದೇ ಸಮ ಮಂಕು ಬೂದು ಬಣ್ಣ ಇರುತ್ತದೆ. ಮೂರು ಪದರದ ಬೇರಿಂಗ್ ಆದರೆ, ಮೇಲಿನ ಪದರ ಸವೆದ ಕಡೆ ಒಳಗಿನ ತಾಮ್ರ ಕೆಂಪಗೆ ಕಾಣುತ್ತದೆ. ಉಗುರು ಎಳೆದಾಗ ಗೀರು ಸಿಕ್ಕಿದರೆ ಆಯಿಲ್‌ನಲ್ಲಿ ಕಸ ಇತ್ತು ಅಂತ. ಲೋಹ ಸವರಿಕೊಂಡು ಹೋದ ಹಾಗಿದ್ದು ಅಂಚು ಕಪ್ಪಾಗಿದ್ದರೆ ಆಯಿಲ್ ಸಿಕ್ಕಿಲ್ಲ ಅಂತ. ರಾಡ್ ಕಡೆಯ, ಅಂದರೆ ಮೇಲಿನ ಅರ್ಧ ಚಿಪ್ಪು ಮಾತ್ರ ಜಜ್ಜಿಹೋಗಿದ್ದರೆ ಟ್ಯೂನಿಂಗ್ ಮೇಲೆ ಅನುಮಾನ ಪಡಿ: ಬೂಸ್ಟ್ (ಟರ್ಬೊ ಒಳಕ್ಕೆ ತಳ್ಳುವ ಗಾಳಿಯ ಒತ್ತಡ) ಏರಿಸಿ, ಪೆಟ್ರೋಲ್ ತಾಳದೆ ನಾಕಿಂಗ್ (ಇಂಧನ ಅಡ್ಡಾದಿಡ್ಡಿ ಸಿಡಿಯೋದು) ಬಂದಿರುತ್ತದೆ, ಇಲ್ಲ ಟಾಪ್ ಗೇರ್‌ನಲ್ಲಿ ಕಡಿಮೆ ಆರ್‌ಪಿಎಂನಿಂದಲೇ ಪೂರ್ತಿ ಆಕ್ಸಿಲರೇಟರ್ ತುಳಿದಿರುತ್ತಾರೆ.

ಆಯಿಲ್ ಸಿಕ್ಕಿಲ್ಲ ಅಂದರೆ ಯಾಕೆ ಸಿಕ್ಕಿಲ್ಲ? ನಮ್ಮ ಕಡೆ ಮೊದಲು ನೋಡಬೇಕಾದ್ದು ಚೇಂಬರ್, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ. ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸಿರುತ್ತಾರೆ, ಹಳ್ಳಿ ರಸ್ತೆಯ ಹಂಪ್‌ಗೆ ತಳ ಬಡಿದು ಚೇಂಬರ್ ಒಳಕ್ಕೆ ಹೋಗಿ ಆಯಿಲ್ ಹೀರುವ ಪೈಪಿನ ಬಾಯಿಗೇ ಅಂಟಿಕೊಂಡಿರುತ್ತದೆ. ಎರಡನೆಯದು ತಿರುವು. ದೇವರಾಯನದುರ್ಗದ ಘಾಟಿಯಲ್ಲಿ ಎಳೆಯುವವರು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವವರು ಇದನ್ನು ಮರೆಯಬೇಡಿ. ಉದ್ದನೆ ತಿರುವಿನಲ್ಲಿ ಆಯಿಲ್ ಎಲ್ಲಾ ಒಂದು ಪಕ್ಕಕ್ಕೆ ಹೋಗಿ ಪಂಪ್ ಗಾಳಿ ಹೀರುತ್ತದೆ. ಲೆವೆಲ್ ಅರ್ಧ ಲೀಟರ್ ಕಡಿಮೆ ಇದ್ದರಂತೂ ಮುಗೀತು. ಚೇಂಬರ್ ಒಳಗೆ ತಡೆ ತಗಡು ಹಾಕಿಸಿ. ಕಾರಣ ಸಿಗೋ ತನಕ ಹೊಸ ಬೇರಿಂಗ್ ಪೆಟ್ಟಿಗೆ ಒಡೆಯಲೇಬೇಡಿ.

ಈಗ ಕ್ರ್ಯಾಂಕ್. ಜರ್ನಲ್ (ಬೇರಿಂಗ್ ಒಳಗೆ ತಿರುಗುವ ನುಣುಪು ಭಾಗ) ನೀಲಿ ಬಣ್ಣಕ್ಕೆ ತಿರುಗಿದ್ದರೆ ವಿಪರೀತ ಕಾದಿದೆ ಅಂತ. ಅದನ್ನು ಕ್ರ್ಯಾಕ್ ಟೆಸ್ಟ್ ಮಾಡಿಸದೆ ಮುಂದೆ ಹೋಗಬೇಡಿ. ಆ ಸಿಲಿಂಡರ್‌ನ ರಾಡ್ ಕೂಡ ನೀಲಿಯಾಗಿದ್ದರೆ ಬಿಸಾಕಿ, ಹೊಸದು ಹಾಕಿ. ಗ್ರೈಂಡ್ ಮಾಡಿಸೋದಾದರೆ ಸಾಮಾನ್ಯವಾಗಿ 0.25 ಮಿಮೀ, ಆಮೇಲೆ 0.50 ಮಿಮೀ ಇಳಿಸುತ್ತಾರೆ. ಆದರೆ ನಿಮ್ಮ ಇಂಜಿನ್‌ಗೆ ಆ ಇಳಿದ ಅಳತೆಗೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಸಿಗುತ್ತದಾ ಅಂತ ಮೊದಲು ಕೇಳಿ. ಈಗಿನ ಎಷ್ಟೋ ಟರ್ಬೊ ಪೆಟ್ರೋಲ್ ಇಂಜಿನ್‌ಗಳಿಗೆ ಕಂಪನಿಯವರೇ ಅದನ್ನು ಕೊಡಲ್ಲ. ಬೆಂಗಳೂರಿನ ಜೆಸಿ ರೋಡ್‌ನಲ್ಲಿ ಸಿಗದಿದ್ದರೆ ಹೊರಗಿಂದ ತರಿಸಬೇಕು, ಇಲ್ಲ ಹೊಸ ಕ್ರ್ಯಾಂಕೇ ಗತಿ. ಗ್ರೈಂಡ್ ಮಾಡುವವರಿಗೆ ಇನ್ನೊಂದು ಮಾತು ಹೇಳಿ: ಜರ್ನಲ್‌ನ ಎರಡೂ ಅಂಚಿನ ಸಣ್ಣ ದುಂಡನೆ ತಿರುವು ಹಾಗೇ ಉಳಿಯಬೇಕು. ಅಲ್ಲಿ ಚೂಪು ಮೂಲೆ ಬಿಟ್ಟರೆ ಕ್ರ್ಯಾಂಕ್ ಅಲ್ಲಿಂದಲೇ ಮುರಿಯುತ್ತದೆ. ನೈಟ್ರೈಡ್ ಮಾಡಿದ (ಮೇಲ್ಮೈ ಗಟ್ಟಿ ಮಾಡಿದ) ಕ್ರ್ಯಾಂಕ್ ಆದರೆ ಗ್ರೈಂಡ್ ಆದಮೇಲೆ ಆ ಟ್ರೀಟ್‌ಮೆಂಟ್ ಮತ್ತೆ ಬೇಕಾಗಬಹುದು, ಅದನ್ನೂ ವಿಚಾರಿಸಿ.

ಜನ ಜಾಸ್ತಿ ಸೋಲೋದು ಕ್ಲೀನಿಂಗ್‌ನಲ್ಲಿ. ಒಂದು ಬೇರಿಂಗ್ ಪುಡಿಯಾದರೆ ಆ ಪುಡಿ ಆಯಿಲ್ ಹೋದ ಕಡೆಯೆಲ್ಲ ಹೋಗಿರುತ್ತದೆ. ಡೀಸೆಲ್ ಸುರಿದು ಏರ್ ಹೊಡೆದರೆ ಹೋಗಲ್ಲ. ಬ್ಲಾಕ್‌ನ ಆಯಿಲ್ ಗ್ಯಾಲರಿಯ (ಆಯಿಲ್ ಹರಿಯುವ ಒಳದಾರಿಯ) ಪ್ಲಗ್ ಎಲ್ಲಾ ಬಿಚ್ಚಿ, ಉದ್ದನೆ ಬ್ರಷ್ ಹಾಕಿ, ಬಿಸಿ ಸೋಪು ನೀರಿನಲ್ಲಿ ಉಜ್ಜಿ, ಬಿಳಿ ಬಟ್ಟೆ ತೂರಿಸಿ ಎಳೆದಾಗ ಅದು ಬಿಳಿಯಾಗೇ ಬರೋ ತನಕ ಮಾಡಿ. ತಕ್ಷಣ ಏರ್ ಹೊಡೆದು ಒಣಗಿಸಿ ಆಯಿಲ್ ಸವರಿ, ಇಲ್ಲದಿದ್ದರೆ ಬೋರ್ ತುಕ್ಕು ಹಿಡಿಯುತ್ತದೆ. ಕ್ರ್ಯಾಂಕ್ ಒಳಗಿನ ತೂತುಗಳಿಗೂ ಇದೇ ಕೆಲಸ, ಗ್ರೈಂಡಿಂಗ್ ಪುಡಿ ಅಲ್ಲೂ ಕೂತಿರುತ್ತದೆ. ವಾಲ್ವ್ ಟೈಮಿಂಗ್ ಬದಲಿಸುವ ಆಯಿಲ್ ವಾಲ್ವ್ ಹತ್ತಿರ ಸಣ್ಣ ಜಾಲರಿ ಇದ್ದರೆ ಬಿಚ್ಚಿ ನೋಡಿ. ಟರ್ಬೊ ಶಾಫ್ಟ್ ಆಟ ಪರೀಕ್ಷಿಸಿ, ಅದರ ಆಯಿಲ್ ಪೈಪ್ ಬದಲಾಯಿಸಿ. ಆಯಿಲ್ ಪಂಪ್ ಹೊಸದು. ಆಯಿಲ್ ಕೂಲರ್ ಕೂಡ ಹೊಸದೇ, ಇದರಲ್ಲಿ ಚೌಕಾಸಿ ಬೇಡ. ಅದರ ಒಳಗಿನ ಸಂದಿಯಲ್ಲಿ ಕೂತ ಚೂರನ್ನು ಯಾರೂ ಪೂರ್ತಿ ತೆಗೆಯಲಾರರು, ಗಾಡಿ ಬಿಸಿಯಾದಾಗ ಅದು ಕೆಳಗಿಳಿದು ಹೊಸ ಬೇರಿಂಗ್ ತಿನ್ನುತ್ತದೆ.

ಜೋಡಿಸುವ ಮುಂಚೆ ಅಳತೆ. ಹೊಸ ಚಿಪ್ಪು ಅಂದಮಾತ್ರಕ್ಕೆ ಸರಿಯಾಗೇ ಕೂರುತ್ತದೆ ಅಂತಲ್ಲ. ಅಂದಾಜು ಲೆಕ್ಕ ಏನೆಂದರೆ, ಜರ್ನಲ್‌ನ ಪ್ರತಿ 25 ಮಿಮೀ ದಪ್ಪಕ್ಕೆ, ಜರ್ನಲ್‌ಗೂ ಚಿಪ್ಪಿಗೂ ನಡುವೆ 0.025 ಮಿಮೀ ಸಂದು. 50 ಮಿಮೀ ಜರ್ನಲ್‌ಗೆ ಸುಮಾರು 0.05 ಮಿಮೀ. ನಿಮ್ಮ ಇಂಜಿನ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಫೈನಲ್. ಮೈಕ್ರೊಮೀಟರ್, ಬೋರ್ ಗೇಜ್ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಪ್ಲಾಸ್ಟಿಗೇಜ್ ಅನ್ನುವ ಮೆದು ಪ್ಲಾಸ್ಟಿಕ್ ಎಳೆಯನ್ನು ಒಣ ಜರ್ನಲ್ ಮೇಲಿಟ್ಟು, ಕ್ಯಾಪ್ ಪೂರ್ತಿ ಟಾರ್ಕ್‌ಗೆ ಬಿಗಿದು, ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಅಂತ ಅದರ ಜೊತೆ ಬರುವ ಪಟ್ಟಿಯಲ್ಲಿ ನೋಡಿ. ನಡುವೆ ಕ್ರ್ಯಾಂಕ್ ತಿರುಗಿಸಬಾರದು.

ಚಿಪ್ಪಿನ ಹಿಂಭಾಗ ಒಣಗಿರಬೇಕು. ಅಸೆಂಬ್ಲಿ ಲೂಬ್ (ಜೋಡಿಸುವಾಗ ಹಚ್ಚುವ ಜಾರು ಎಣ್ಣೆ) ಒಳಮುಖಕ್ಕೆ ಮಾತ್ರ. ಆಯಿಲ್ ತೂತು ಸರಿಯಾಗಿ ಎದುರಾಗಿದೆಯಾ ನೋಡಿಕೊಳ್ಳಿ. ರಾಡ್ ಬೋಲ್ಟ್ ಎಲ್ಲಾ ಹೊಸದು ಹಾಕಿ, ಹಳೆಯದು ಆಗಲೇ ಎಳೆದುಕೊಂಡಿರುತ್ತದೆ. ಪ್ರತಿ ಕ್ಯಾಪ್ ಬಿಗಿದ ಮೇಲೆ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ. ಎಲ್ಲಿ ಬಿಗಿಯಾಯಿತೋ ತೊಂದರೆ ಅಲ್ಲೇ ಇದೆ, ಸುಮ್ನೆ ಮುಂದಿನದಕ್ಕೆ ಹೋಗಬೇಡಿ.

ಇಂಜಿನ್ ಕೂರಿಸಿದ ಮೇಲೆ ನೇರ ಸ್ಟಾರ್ಟ್ ಹೊಡೆಯೋದಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಸ್ಟಾರ್ಟರ್‌ನಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ. ಗೇಜ್‌ನಲ್ಲಿ ಆಯಿಲ್ ಪ್ರೆಶರ್ ಏರಿದ ಮೇಲೆ ಪ್ಲಗ್, ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಬಿಸಿಯಾದ ಇಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಬರಬೇಕು ಅನ್ನೋದು ಹಳೆ ಲೆಕ್ಕ. ಡ್ಯಾಶ್‌ಬೋರ್ಡ್ ದೀಪ ನಂಬಬೇಡಿ, ಪ್ರೆಶರ್ ತುಂಬಾ ಇಳಿದ ಮೇಲೆ ಅದು ಉರಿಯೋದು.

ಅರ್ಧ ಗಂಟೆ ಓಡಿದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ. ಹಳೆ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ನಾಲ್ಕಾರು ಚುಕ್ಕೆ ಇರುತ್ತವೆ, ಪರವಾಗಿಲ್ಲ. ತಾಮ್ರದ ಬಣ್ಣದ ಮಿಣುಕು ಕಂಡರೆ ಮತ್ತೆ ಬಿಚ್ಚಬೇಕು. ಇಲ್ಲದಿದ್ದರೆ ಶಿರಾ ಕಡೆ ಹೈವೇಯಲ್ಲಿ ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿ, 500 ಕಿಲೋಮೀಟರ್‌ಗೆ ಇನ್ನೊಮ್ಮೆ ಆಯಿಲ್ ಬದಲಾಯಿಸಿ, ಆ ಫಿಲ್ಟರನ್ನೂ ಕತ್ತರಿಸಿ ನೋಡಿ. ಪೂರ್ತಿ ಬೂಸ್ಟ್ ಅದಾದ ಮೇಲೆ.