ಬಿಬ್ಲಿಯೋಮೆಟ್ರಿಕ್ಸ್ ಶುರು ಮಾಡೋರು ಮೊದಲು ಕೀವರ್ಡ್ ಕ್ಲೀನ್ ಮಾಡ್ಕೊಳ್ಳಿ
ಪಿಎಚ್‌ಡಿಗೆ ಲಿಟರೇಚರ್ ರಿವ್ಯೂ ಮಾಡ್ತಿರೋರಿಗೆ ಒಂದು ಮಾತು. ಬಿಬ್ಲಿಯೋಮೆಟ್ರಿಕ್ಸ್ ಅಂದ್ರೆ ಒಂದು ವಿಷಯದ ಪೇಪರ್‌ಗಳ ಕೀವರ್ಡ್, ಸೈಟೇಶನ್ ಎಲ್ಲ ಎಣಿಸಿ ನೋಡೋದು. ವಿಓಎಸ್‌ವ್ಯೂವರ್ ಅನ್ನೋ ಸಾಫ್ಟ್‌ವೇರ್ ಇದೆಯಲ್ಲ, ನೆದರ್‌ಲ್ಯಾಂಡ್ಸ್‌ನ ಲೈಡನ್ ಯೂನಿವರ್ಸಿಟಿಯವ್ರು ಮಾಡಿದ್ದು, ಫ್ರೀನೇ, ಅದರಲ್ಲಿ ಕೀವರ್ಡ್‌ಗಳನ್ನೋ ಪೇಪರ್‌ಗಳನ್ನೋ ಚುಕ್ಕೆಗಳಾಗಿ ತೋರ್ಸೋ ಬಣ್ಣಬಣ್ಣದ ಮ್ಯಾಪ್ ಐದು ನಿಮಿಷಕ್ಕೆ ಬಂದ್ಬಿಡತ್ತೆ, ಅಲ್ಲೇ ಎಲ್ರೂ ಮೋಸ ಹೋಗೋದು.

ನಾನು ರಾಗಿ ಮೇಲೆ ಮಾಡಿದಾಗ ರಾಗಿ, ಫಿಂಗರ್ ಮಿಲೆಟ್, ಎಲುಸಿನ್ ಕೊರಕಾನ ಅಂತ ಒಂದೇ ಧಾನ್ಯ ಮೂರು ಬೇರೆ ಬೇರೆ ಚುಕ್ಕೆಯಾಗಿ ಕೂತಿತ್ತು, ಗೈಡ್ ನೋಡಿ ನಕ್ಕುಬಿಟ್ರು. ಇದಕ್ಕೆ ಥೆಸಾರಸ್ ಫೈಲ್ ಅಂತ ಇದೆ. ನೋಟ್‌ಪ್ಯಾಡಲ್ಲಿ ಎರಡು ಕಾಲಂ, ಮಧ್ಯೆ ಟ್ಯಾಬ್, ಮೊದಲ ಸಾಲಲ್ಲಿ ಇಂಗ್ಲಿಷಲ್ಲಿ ಲೇಬಲ್, ರಿಪ್ಲೇಸ್ ಬೈ ಅಂತ ಹೆಡಿಂಗ್. ಎಡಗಡೆ ಹಳೇ ಪದ, ಬಲಗಡೆ ಬೇಕಾದ ಪದ. ಬಲಗಡೆ ಖಾಲಿ ಬಿಟ್ರೆ ಆ ಪದ ಮ್ಯಾಪಿಂದಲೇ ಹೋಗತ್ತೆ, "ಆರ್ಟಿಕಲ್" "ಹ್ಯೂಮನ್" ಥರದ ಕಸ ತೆಗೆಯಕ್ಕೆ ಇದೊಂದು ದಾರಿ.

ಹಾಂ, ಪೇಪರ್‌ಗಳ ವಿವರ ಇಟ್ಟಿರೋ ಡೇಟಾಬೇಸ್ ಸ್ಕೋಪಸ್‌ನಿಂದ ಸಿಎಸ್‌ವಿ ಫೈಲ್ ಇಳಿಸ್ಕೊಳ್ಳುವಾಗ ಕೀವರ್ಡ್, ರೆಫರೆನ್ಸ್ ಎರಡಕ್ಕೂ ಟಿಕ್ ಹಾಕಿ, ಇಲ್ಲಾಂದ್ರೆ ಆಮೇಲೆ ಕೋ-ಸೈಟೇಶನ್ ಮ್ಯಾಪ್ (ಯಾವ ಪೇಪರ್‌ಗಳನ್ನ ಬೇರೆಯವ್ರು ಒಟ್ಟಿಗೆ ಸೈಟ್ ಮಾಡಿದ್ದಾರೆ ಅಂತ ತೋರ್ಸೋದು) ಬರಲ್ಲ, ಮತ್ತೆ ಮೊದಲಿಂದ. ಸ್ಕೋಪಸ್ ಸಿಗದ ಕಾಲೇಜಾದ್ರೆ ಓಪನ್‌ಅಲೆಕ್ಸ್ ಅನ್ನೋ ಡೇಟಾಬೇಸ್ ನೋಡಿ, 2022ರಿಂದ ಇದೆ, ದುಡ್ಡಿಲ್ಲ.

ಕೋ-ಸೈಟೇಶನ್ ಹಳೇ ಪೇಪರ್‌ಗಳ ಕಡೆಗೇ ವಾಲತ್ತೆ, ಹೊಸ ಪೇಪರ್‌ಗೆ ಸೈಟೇಶನ್ ಬರೋಕೇ ಟೈಮ್ ಬೇಕಲ್ವಾ. ಈಗಿನ ಕೆಲಸ ಎಲ್ಲಿದೆ ಅಂತ ನೋಡಕ್ಕೆ ಬಿಬ್ಲಿಯೋಗ್ರಾಫಿಕ್ ಕಪ್ಲಿಂಗ್ ಹಾಕಿ, ಅದು ಒಂದೇ ರೆಫರೆನ್ಸ್ ಹಂಚ್ಕೊಂಡಿರೋ ಪೇಪರ್‌ಗಳನ್ನ ಜೋಡಿಸತ್ತೆ. ಆಮೇಲೆ ಪ್ರತಿ ಕ್ಲಸ್ಟರ್‌ನಿಂದ (ಮ್ಯಾಪಲ್ಲಿ ಒಂದೇ ಬಣ್ಣದ ಗುಂಪು) ಒಂದೈದಾರು ಪೇಪರ್ ಕೂತು ಓದ್ಲೇಬೇಕು, ಮ್ಯಾಪ್ ನಿಮ್ಮ ಬದಲು ಓದಲ್ಲ ಮಾರಾಯ್ರೆ.